ಸ್ಪಷ್ಟನೆ: ನಿಂಬೆ ನೀರಿಗೂ ಆ ನೊಬೆಲ್‌ಗೂ ಸಂಬಂಧವಿಲ್ಲ

"ದೇಹ ಕ್ಷಾರೀಯವಾಗಿದ್ದರೆ ಕ್ಯಾನ್ಸರ್ ಬದುಕಲ್ಲ. ಇದನ್ನು ಕಂಡುಹಿಡಿದ ಒಟ್ಟೊ ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂತು. ದಿನಾ ನಿಂಬೆ ನೀರು ಕುಡಿಯಿರಿ, ಕಿಮೋ ಬೇಡ." ಈ ಮೆಸೇಜು ಮತ್ತೆ ಗ್ರೂಪುಗಳಲ್ಲಿ ಓಡಾಡುತ್ತಿದೆ. ಹೆಸರು ಸರಿ, ವರ್ಷವೂ ಸರಿ. ಉಳಿದದ್ದು ತಪ್ಪು.

ವಾರ್‌ಬರ್ಗ್‌ಗೆ ನೊಬೆಲ್ ಬಂದಿದ್ದು ಜೀವಕೋಶಗಳ ಉಸಿರಾಟದ ಕಿಣ್ವದ ಬಗೆಗಿನ ಸಂಶೋಧನೆಗೆ. ಕ್ಯಾನ್ಸರ್ ಗೆಡ್ಡೆಯ ಕೋಶಗಳು ಆಮ್ಲಜನಕ ಇದ್ದಾಗಲೂ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಒಡೆಯುತ್ತವೆ ಅಂತಲೂ ಅವರು ತೋರಿಸಿದ್ದರು, ನಿಜ. ಅಂದರೆ ಅಲ್ಲಿ ಆಮ್ಲ ಜಾಸ್ತಿ ಆಗೋದು ಗೆಡ್ಡೆಯಿಂದಲೇ, ನಮ್ಮ ಊಟದಿಂದಲ್ಲ.

ಆರೋಗ್ಯವಂತರ ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.35ರಿಂದ 7.45ರ ಒಳಗೇ ಇರುತ್ತದೆ. ಶ್ವಾಸಕೋಶ, ಮೂತ್ರಪಿಂಡಗಳು ಅದನ್ನು ಆಚೀಚೆ ಹೋಗಲು ಬಿಡುವುದಿಲ್ಲ. ನಿಂಬೆಯಿಂದ ಬದಲಾದರೆ ಮೂತ್ರದ ಪಿಎಚ್ ಬದಲಾದೀತು, ಅಷ್ಟೇ. ಮೂತ್ರದಲ್ಲಿ ಪಿಎಚ್ ನೋಡುವ ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, "ದೇಹ ಕ್ಷಾರ ಆಯ್ತು" ಅಂತ ಖುಷಿಪಡುವವರು ಕಾಣುತ್ತಿರುವುದು ಇದನ್ನೇ.

ನಿಂಬೆ ಪಾನಕ ಬೇಸಿಗೆಗೆ ಒಳ್ಳೇದೇ, ಕುಡಿಯಿರಿ. ಆದರೆ "ಕಿಮೋ ಬೇಡ" ಅನ್ನೋ ಮಾತು ಜೀವಕ್ಕೇ ಅಪಾಯ. ಚಿಕಿತ್ಸೆಯ ವಿಷಯ ವೈದ್ಯರ ಹತ್ತಿರವೇ ಮಾತಾಡಿ. ಈ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಆಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.