ಮಳೆಯಲ್ಲಿ ಬೈಕ್ ಟೈರಿನ ಗಾಳಿ ಇಳಿಸಬೇಕೇ?

ಮಳೆಗಾಲ ಬಂತೆಂದರೆ ಮಡಿಕೇರಿ ಕಡೆ ಬೈಕ್ ಹತ್ತುವವರಿಗೆ ಈ ಫಾರ್ವರ್ಡ್ ಬಂದೇ ಬರುತ್ತದೆ: ಟೈರಿನ ಗಾಳಿ ಇಳಿಸಿ, ಒದ್ದೆ ರಸ್ತೆಯಲ್ಲಿ ಜಾರುವುದಿಲ್ಲ. ಕಳಿಸುವವರದು ಕಾಳಜಿಯೇ. ಆದರೆ ಡಾಂಬರು ರಸ್ತೆಗೆ ಈ ಮಾತು ತಪ್ಪು.

ಗಾಳಿ ಇಳಿದರೆ ಟೈರ್ ಅಗಲವಾಗಿ ಹರಡುತ್ತದೆ, ನಿಜ. ಆದರೆ ನೆಲವನ್ನು ಒತ್ತುವ ಬಿಗಿ ಕಡಿಮೆಯಾಗುತ್ತದೆ. ನೀರನ್ನು ಹೊರಗೆ ತಳ್ಳಬೇಕಾದ ಗೀರುಗಳು ಮುಚ್ಚಿಕೊಳ್ಳಬಹುದು. ಆಗ ಟೈರ್ ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲಲು ಶುರುಮಾಡುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಹ್ಯಾಂಡಲ್ ಭಾರವಾಗುತ್ತದೆ, ಹಿಂದೆ ಜನ, ಲಗೇಜ್ ಇದ್ದರೆ ಬೈಕ್ ಇನ್ನೂ ಜಾಸ್ತಿ ಓಲಾಡುತ್ತದೆ. ಆಗ ಮಾಡಬೇಕಾದದ್ದು ಹಿಂದಿನ ಸಸ್ಪೆನ್ಷನ್‌ನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಹೆಚ್ಚಿಸುವುದು, ಟೈರಿಗೆ ಆ ಭಾರಕ್ಕೆ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬುವುದು.

ಕಾಫಿ ತೋಟದ ಕೆಸರು ದಾರಿಯಲ್ಲಿ ನಿಧಾನವಾಗಿ ಹೋಗುವಾಗ ಗಾಳಿ ಸ್ವಲ್ಪ ಇಳಿಸುವ ರೂಢಿ ಇದೆ, ಅದು ಕೆಲಸವನ್ನೂ ಮಾಡುತ್ತದೆ. ಬಹುಶಃ ಆ ಮಾತೇ ಡಾಂಬರಿಗೂ ಹಬ್ಬಿರಬೇಕು.

ಇಂಥ ಮೆಸೇಜ್ ಬಂದಾಗ ಮೊದಲು ಹೀಗೆ ನೋಡಿ: ಯಾವ ಬೈಕ್, ಎಷ್ಟು ಭಾರ, ಯಾವ ರಸ್ತೆ ಅಂತ ಅದರಲ್ಲಿ ಹೇಳಿದೆಯಾ? ಆಮೇಲೆ ನಿಮ್ಮ ಬೈಕಿನ ಕೈಪಿಡಿ ತೆರೆಯಿರಿ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಅಂಕಿ ಅಲ್ಲೇ ಇರುತ್ತದೆ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಅಥವಾ ಚೈನ್ ಕವರ್ ಮೇಲಿನ ಸ್ಟಿಕ್ಕರ್‌ನಲ್ಲೂ ಸಿಗಬಹುದು. ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ಅಳೆಯಿರಿ. ಟೈರಿನ ಬದಿಯಲ್ಲಿ ಅಚ್ಚಾಗಿರುವ ಗಾಳಿ ಒತ್ತಡದ ಅಂಕಿ ಗರಿಷ್ಠ ಮಿತಿ ಅಷ್ಟೇ, ನೀವು ತುಂಬಬೇಕಾದ ಅಳತೆಯಲ್ಲ.