ಕಣಕ್ಕೆ ನೀರಿದೆ, ಕಟಿಂಗ್ ಮಷಿನ್ನಿಗೆ ಯಾಕಿಲ್ಲ?

ಇವತ್ತು ಬೆಳಿಗ್ಗೆ ಆಲ್ದೂರಿನ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಈಗ ಹಾಸನಕ್ಕೆ ವಾಪಸ್ ಬಂದು ಕೂತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ. ಬರೆಯದೇ ಮಲಗಿದರೆ ನಿದ್ದೆ ಬರುವುದಿಲ್ಲ.

ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವ ಮೊದಲು ಮುಗಿಯಲಿ ಅಂತ ಭಾವ ಕಾಫಿ ಒಣಗಿಸುವ ಹೊಸ ಕಣಕ್ಕೆ ಕಾಂಕ್ರೀಟ್ ಹಾಕಿಸಿದ್ದಾರೆ. 100 ಅಡಿ ಉದ್ದ, 60 ಅಡಿ ಅಗಲ, 4 ಇಂಚು ದಪ್ಪ. ಒಳ್ಳೆ ಕೆಲಸ. ಗೇಟಿನ ಹತ್ತಿರ ಕಾರು ನಿಲ್ಲಿಸುವಾಗ ಕಣದ ಕಡೆ ಬೆಳ್ಳಗೆ ಏನೋ ಎದ್ದಿತ್ತು. ಮಂಜು ಅಂದುಕೊಂಡೆ. ಸದ್ದು ಕೇಳಿದ ಮೇಲೆ ಗೊತ್ತಾಯಿತು, ಅದು ಬಿರುಕು ಬರದಿರಲಿ ಅಂತ ಕಾಂಕ್ರೀಟಿನಲ್ಲಿ ಗೆರೆ ಕೊಯ್ಯುವ ಕಟಿಂಗ್ ಮಷಿನ್ನಿನ ಧೂಳು.

ಇಪ್ಪತ್ತು ವರ್ಷವೂ ತುಂಬಿರದ ಹುಡುಗ. ಯಾದಗಿರಿ ಕಡೆಯವನು. ಕಾಲಿಗೆ ಹವಾಯಿ ಚಪ್ಪಲಿ, ಮುಖಕ್ಕೆ ಟವೆಲ್ಲು. ಕಿವಿಗೆ ಏನೂ ಇಲ್ಲ. ಮಷಿನ್ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದಾನೆ, ಹುಬ್ಬು ರೆಪ್ಪೆ ಎಲ್ಲಾ ಬೆಳ್ಳಗೆ. ಅವನ ಹಿಂದೆ ಇಬ್ಬರು ಹೆಂಗಸರು ಅದೇ ಧೂಳನ್ನು ಪೊರಕೆಯಲ್ಲಿ ಗುಡಿಸುತ್ತಿದ್ದಾರೆ. ಅಲ್ಲೇ ಹತ್ತು ಹೆಜ್ಜೆ ಆಚೆ, ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟ್ ಒದ್ದೆಯಾಗಿದ್ದು ಗಟ್ಟಿಯಾಗಲಿ ಅಂತ ಹಾಸಿದ ಗೋಣಿಚೀಲದ ಮೇಲೆ ಪೈಪಿನಲ್ಲಿ ನೀರು ಹರಿಯುತ್ತಾ ಇದೆ. ಮಷಿನ್ನಿನ ಮೇಲಿನ ಟ್ಯಾಂಕ್ ಖಾಲಿ.

ಕಾಂಕ್ರೀಟಿಗೆ ನೀರು ಇದೆ. ಅದನ್ನು ಕೊಯ್ಯುವವನಿಗೆ ಇಲ್ಲ. ನನ್ನ ತಲೆ ಕೆಟ್ಟಿದ್ದು ಇದಕ್ಕೇ.

ನಾನು ಹದಿನಾಲ್ಕು ವರ್ಷ ಕಟ್ಟಡದ ಸೈಟ್ ನೋಡಿಕೊಂಡವನು. ಓಡಿ ಹೋಗಿ ಮಷಿನ್ ನಿಲ್ಲಿಸಿದೆ. ಯಾಕೆ ನೀರು ಹಾಕಿಲ್ಲ ಅಂತ ಕೇಳಿದೆ. 'ಪೈಪ್ ಬ್ಲಾಕ್ ಆಗ್ಯಾದ್ರಿ ಸರ, ಎರಡ ತಿಂಗಳಾತ್ರಿ' ಅಂದ. ಮಷಿನ್ ಓನರಿಗೆ ಹೇಳಿದ್ಯಾ ಅಂದೆ. 'ಹೇಳೀನ್ರಿ. ಹಂಗೇ ಹೊಡಿ ಅಂದ್ರು.'

ಎರಡು ತಿಂಗಳು! ದಿನಾ ಒಂದೊಂದು ಊರು, ದಿನಾ ಇದೇ ಧೂಳು.

ಈ ಧೂಳು ಅಡುಗೆಮನೆಯ ಹಿಟ್ಟಿನ ಧೂಳಲ್ಲ. ಕಾಂಕ್ರೀಟಿನಲ್ಲಿ ಮರಳಿದೆ, ಜಲ್ಲಿ ಇದೆ, ಎರಡರಲ್ಲೂ ಸಿಲಿಕಾ ಇದೆ. ವಜ್ರದ ಹಲ್ಲಿನ ಬ್ಲೇಡು ನಿಮಿಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಸುತ್ತು ಸುತ್ತಿ ಅದನ್ನು ಪುಡಿ ಮಾಡುತ್ತದೆ. ಕಣ್ಣಿಗೆ ಕಾಣುವ ಬಿಳಿ ಪುಡಿ ಮೂಗಿನಲ್ಲೇ ನಿಲ್ಲುತ್ತೆ. ಕೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತ ಸಣ್ಣದು ಇರುತ್ತಲ್ಲ, ಅದು ಟವೆಲ್ ದಾಟಿ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಗಾಯವಾಗಿ, ಗಾಯ ಗಟ್ಟಿಯಾಗಿ, ಉಸಿರಿನ ಜಾಗ ಕಡಿಮೆ ಆಗುತ್ತಾ ಹೋಗುತ್ತದೆ. ಸಿಲಿಕೋಸಿಸ್ ಅಂತಾರೆ. ವಾಸಿ ಮಾಡುವ ಔಷಧಿ ಇಲ್ಲ. ಟಿಬಿ ಅಂದುಕೊಂಡು ವರ್ಷಗಟ್ಟಲೆ ಟಿಬಿ ಮಾತ್ರೆ ನುಂಗಿದವರಿದ್ದಾರೆ. ಸಿಲಿಕೋಸಿಸ್ ಬಂದವರಿಗೆ ಟಿಬಿ ಅಂಟುವ ಅಪಾಯವೂ ಜಾಸ್ತಿ. 1948ರ ಕಾರ್ಖಾನೆ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲೇ ಇದರ ಹೆಸರಿತ್ತು. ಹೊಸ ವಿಷಯ ಏನೂ ಅಲ್ಲ.

ಇದನ್ನು ತಡೆಯುವುದಕ್ಕೆ ಮೊದಲು ಬೇಕಾಗಿದ್ದು ನೀರು. ಬ್ಲೇಡಿನ ಎರಡೂ ಬದಿಗೆ ಬೀಳುವ ಸಣ್ಣ ಧಾರೆ. ಅದಕ್ಕೆ ಅಂತಲೇ ಮಷಿನ್ ಮಾಡಿದವರು ಟ್ಯಾಂಕ್ ಕೂರಿಸಿ ಕೊಟ್ಟಿರುತ್ತಾರೆ.

ಭಾವ ಬಂದರು. 'ಬಯಲು ಜಾಗ ಮಾರಾಯ, ಗಾಳಿಗೆ ಹೋಗುತ್ತೆ ಬಿಡು' ಅಂದರು. ಗಾಳಿಗೆ ಎಲ್ಲಿಗೆ ಹೋಗುತ್ತೆ ಭಾವ? ಮಷಿನ್ನಿನ ಹಿಂದೆ ದಿನವಿಡೀ ನಿಲ್ಲುವವನ ಮುಖಕ್ಕೇ ಹೋಗುತ್ತೆ. ಅಮೆರಿಕದಲ್ಲಿ 2016ರಲ್ಲಿ ಸಿಲಿಕಾ ಧೂಳಿಗೆ ಅಂತ ನಿಯಮ ತಂದರು. ಅದರಲ್ಲಿ ಈ ತಳ್ಳುವ ಮಷಿನ್ನಿನ ಹೆಸರೇ ಇದೆ. ಬಯಲಲ್ಲಿ ಕೊಯ್ದರೂ ನೀರು ಬಿಡಬೇಕು. ಕಟ್ಟಡದ ಒಳಗಾದರೆ ನೀರಿನ ಜೊತೆಗೆ ಮಾಸ್ಕೂ ಬೇಕು. ನೀರು ಬಿಟ್ಟರೆ ಕೆಸರಾಗುತ್ತೆ, ಕಣದ ಫಿನಿಶಿಂಗ್ ಹಾಳಾಗುತ್ತೆ ಅಂತ ಅವರ ಇನ್ನೊಂದು ಮಾತು. ಕೆಸರಾಗುತ್ತೆ, ನಿಜ. ಹಸಿಯಾಗಿರುವಾಗಲೇ ನೀರು ಹೊಡೆದು ಎಳೆದು ಹಾಕಿದರೆ ಮುಗಿಯಿತು. ಕಣವನ್ನು ಹೇಗೂ ತೊಳೆಯುತ್ತೀರಿ ಅಲ್ವಾ? ಒಣಗಲು ಬಿಟ್ಟು ಗುಡಿಸಿದರೆ ಮಾತ್ರ ಮತ್ತೆ ಅದೇ ಧೂಳು, ಈ ಸಲ ಆ ಹೆಂಗಸರ ಎದೆಗೆ.

ಹೊಸ ಕಾಂಕ್ರೀಟಿಗೆ 10 ದಿನ ಕ್ಯೂರಿಂಗ್ ಆಗಬೇಕು ಅಂತ ಭಾವನಿಗೆ ಗೊತ್ತು. ಬಿರುಕು ಬರಬಾರದು ಅಂದರೆ 10 ಅಡಿಗೊಂದು ಗೆರೆ, ಒಂದು ಇಂಚು ಆಳ ಕೊಯ್ಯಿಸಬೇಕು ಅಂತಲೂ ಗೊತ್ತು. ಬಿರುಕಿನಲ್ಲಿ ಕಾಫಿ ಬೀಜ ಸಿಕ್ಕಿಕೊಳ್ಳುತ್ತೆ ಅನ್ನುವ ಚಿಂತೆಯೂ ಇದೆ. ಅವರು ಕೆಟ್ಟವರಲ್ಲ. ಹುಡುಗನಿಗೆ ಎರಡು ಸಲ ಕಾಫಿ ಕಳಿಸಿದ್ದರು, ಮಧ್ಯಾಹ್ನ ಊಟಕ್ಕೆ ಒಳಗೇ ಕರೆದರು. ಆದರೂ ಆ ಪೈಪನ್ನು ಹತ್ತು ಹೆಜ್ಜೆ ಎಳೆದು ತರಬೇಕು ಅಂತ ಅವರಿಗೆ ಹೊಳೆಯಲಿಲ್ಲ. ನನಗೆ ಇದೇ ಸಹಿಸೋಕೆ ಆಗುತ್ತಿಲ್ಲ.

ಭಾವನ ಮೇಲೆ ಇಷ್ಟು ಕೂಗಾಡಿದ್ದಕ್ಕೆ ಇನ್ನೊಂದು ಕಾರಣ ಇದೆ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ನಾನು ಸೈಟಿಗೆ ಸೇರಿದ ಹೊಸದರಲ್ಲಿ ಹಾಸನದಲ್ಲಿ ಒಂದು ಗೋಡೌನಿನ ನೆಲ ಕೊಯ್ಯಬೇಕಿತ್ತು. ಪಕ್ಕದಲ್ಲಿ ಮೂಟೆ ಇದ್ದವು. ನೀರು ತಾಗಬಾರದು ಅಂದರು, ಆಯ್ತು ಅಂದೆ. ಸದ್ದು ಜಾಸ್ತಿ ಅಂದರು, ಶಟರ್ ಎಳೆಸಿದೆ. ಪೆಟ್ರೋಲ್ ಇಂಜಿನ್, ಮುಚ್ಚಿದ ಜಾಗ. ಅರ್ಧ ಗಂಟೆ ಆಗಿರಬಹುದು, ಒಳಗಿದ್ದವನು ತಲೆ ಸುತ್ತಿ ಗೋಡೆಗೆ ಒರಗಿದ. ಇಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊರಗೆ ಎಳೆದು ತಂದು ಕೂರಿಸಿದೆವು, ಚೇತರಿಸಿಕೊಂಡ. ಅವತ್ತು ಅವನು ಬದುಕಿದ್ದು ನನ್ನ ಪುಣ್ಯ. ಆ ಅರ್ಧ ಗಂಟೆ ಅವನು ಕುಡಿದ ಧೂಳಿನ ಲೆಕ್ಕ ಮಾತ್ರ ನನ್ನ ಹತ್ತಿರ ಇಲ್ಲ. ಆಮೇಲೆ ಅವನು ಊರಿಗೆ ಹೋದ. ಎಲ್ಲಾದರೂ ಯಾರಾದರೂ ಕೆಮ್ಮಿದರೆ ಅವನ ಮುಖವೇ ನೆನಪಿಗೆ ಬರುತ್ತದೆ.

ಇವತ್ತು ಕೂತು ಆ ಪೈಪ್ ಬಿಚ್ಚಿದೆ. ಬೇಲಿಯ ತಂತಿ ಒಂದು ತುಂಡು ತಗೊಂಡು ಚುಚ್ಚಿದರೆ ಗಟ್ಟಿಯಾದ ಸಿಮೆಂಟ್ ಕೆಸರು ಉದುರಿತು. ಇಪ್ಪತ್ತು ನಿಮಿಷದ ಕೆಲಸ! ಎರಡು ತಿಂಗಳು ಯಾರೂ ಮಾಡಿರಲಿಲ್ಲ. ಇಂಜಿನ್ ಆಫ್ ಇರುವಾಗಲೇ ಬ್ಲೇಡನ್ನೂ ನೋಡಿದೆ. ನೀರಿಲ್ಲದೆ ಕಾದು ಕಾದು ಎರಡು ಹಲ್ಲು ಹಾರಿಹೋಗಿದ್ದವು. ಹಾರಿದ ಹಲ್ಲು ಯಾರ ಕಣ್ಣಿಗೆ ಬೀಳಬೇಕಿತ್ತೋ. ಹೊಸ ಬ್ಲೇಡ್ ತರಿಸಿ, ಅದರ ಮೇಲಿನ ಬಾಣದ ಗುರುತು ಸುತ್ತುವ ದಿಕ್ಕಿಗೇ ಇದೆಯಾ ನೋಡಿ ಹಾಕಿಸಿದೆ. ಗಾರ್ಡ್ ಬಿಗಿ ಮಾಡಿಸಿದೆ. ಬ್ಲೇಡ್ ಮೇಲೆತ್ತಿಯೇ ಸ್ಟಾರ್ಟ್ ಮಾಡಬೇಕು, ಎರಡೂ ಬದಿಗೆ ನೀರು ಬಂದ ಮೇಲೆ ನಿಧಾನ ಇಳಿಸಬೇಕು, ಗೆರೆ ತಪ್ಪಿದರೆ ಕೊಯ್ತದೊಳಗೇ ತಿರುಗಿಸಬಾರದು, ನಿಲ್ಲಿಸಿ ಎತ್ತಬೇಕು. ಹುಡುಗನಿಗೆ ಇದೆಲ್ಲ ಗೊತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿಲ್ಲ, ಮಷಿನ್ ಕೊಟ್ಟು ಕಳಿಸಿದ್ದಾರೆ ಅಷ್ಟೇ. ಭಾವನ ಗಮ್‌ಬೂಟ್ ಅವನ ಕಾಲಿಗೆ ಸ್ವಲ್ಪ ದೊಡ್ಡದಾಯಿತು, ಬಟ್ಟೆ ತುರುಕಿ ಹಾಕಿಸಿದೆವು.

ಮತ್ತೆ ಸ್ಟಾರ್ಟ್ ಮಾಡಿದಾಗ ಧೂಳೇ ಇಲ್ಲ. ಬೂದು ಬಣ್ಣದ ಕೆಸರು ಗೆರೆಯ ಪಕ್ಕ ಹರಿಯಿತು. ಹುಡುಗ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಅವನ ಮುಖ ನಾನು ಸರಿಯಾಗಿ ನೋಡಿದ್ದು ಆಗಲೇ. ಮೀಸೆ ಈಗಷ್ಟೇ ಚಿಗುರಿದೆ.

ಲೇಬರ್ ಕಾರ್ಡ್ ಇದೆಯಾ ಅಂತ ಕೇಳಿದೆ, ಇಲ್ಲ ಅಂದ. ಅದರ ಅರ್ಜಿ ನಾನೇ ಹಾಕಿಸುತ್ತೇನೆ. ಮಷಿನ್ ಓನರ್ ನಂಬರೂ ತಗೊಂಡಿದ್ದೇನೆ, ನಾಳೆ ಬೆಳಿಗ್ಗೆ ಮಾತಾಡುವುದಿದೆ.

ಒಟ್ಟು ಹದಿನಾಲ್ಕು ಗೆರೆಯಲ್ಲಿ ಇನ್ನೂ ನಾಲ್ಕು ಉಳಿದಿವೆ. ನಾಳೆ ಪೈಪ್ ಮತ್ತೆ ಕಟ್ಟಿಕೊಂಡರೆ ಇಂಜಿನ್ ಆಫ್ ಮಾಡಿ ಅಕ್ಕನನ್ನು ಕರಿ ಅಂತ ಹುಡುಗನಿಗೆ ಹೇಳಿ ಬಂದೆ. ತಂತಿಯನ್ನು ಅಡುಗೆಮನೆ ಕಿಟಕಿಗೆ ಸಿಕ್ಕಿಸಿ ಅಕ್ಕನಿಗೆ ತೋರಿಸಿದ್ದೇನೆ.