ಮಿಷಿಗನ್ ಗ್ಯಾರೇಜು, ಮಲ್ಪೆಯ ಕಿವಿ

ಹೋದ ವರ್ಷ ನವೆಂಬರ್‌ನಲ್ಲಿ 2,200 ಡಾಲರ್ ಕೊಟ್ಟು ಮನೆಗೊಂದು ಹೆಣ ತಂದೆ. 1998ರ ಯಮಹಾ ಸೂಪರ್‌ಜೆಟ್. ನಿಂತುಕೊಂಡು ಓಡಿಸುವ ಜೆಟ್ ಸ್ಕೀ. ಎಂಜಿನ್ ತಿರುಗುತ್ತಿರಲಿಲ್ಲ, ಮೂತಿ ಬಿರುಕು ಬಿಟ್ಟಿತ್ತು. ಹೆಂಡತಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: "ಇದಕ್ಕೆ ನಾವು ದುಡ್ಡು ಕೊಟ್ವಾ, ಅವರು ಕೊಟ್ರಾ?"

ಜೆಟ್ ಸ್ಕೀ ಅಂದರೆ ನಮ್ಮವರಿಗೆ ಮಲ್ಪೆಯಲ್ಲೋ ಮುರುಡೇಶ್ವರದಲ್ಲೋ ಹುಡುಗನೊಬ್ಬ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸುವ ಗಾಡಿ ನೆನಪಾಗುತ್ತದೆ. ಅದು ಕೂರುವಂಥದ್ದು. ನನ್ನದಕ್ಕೆ ಸೀಟೇ ಇಲ್ಲ. ಹಿಂದೆ ಒಂದು ತಟ್ಟೆ, ಮುಂದಿನಿಂದ ಎತ್ತಿಕೊಳ್ಳುವ ಉದ್ದನೆಯ ಹಿಡಿಕೆ, ಅಷ್ಟೇ. ಹೊಟ್ಟೆಯ ಕೆಳಗಿನ ಜಾಲರಿಯಿಂದ ನೀರು ಎಳೆದು ಹಿಂದಿನಿಂದ ಉಗಿಯುತ್ತದೆ. ಬ್ರೇಕ್ ಇಲ್ಲ. ಥ್ರಾಟಲ್ ಬಿಟ್ಟರೆ ತಿರುಗುವುದೂ ಇಲ್ಲ. (ಅಂದಹಾಗೆ ಜೆಟ್ ಸ್ಕೀ ಅನ್ನುವುದು ಕವಾಸಾಕಿ ಕಂಪನಿಯ ಹೆಸರು. ಯಮಹಾದ್ದನ್ನೂ ಹಾಗೇ ಕರೆಯುವುದು ವನಸ್ಪತಿಯನ್ನೆಲ್ಲ ಡಾಲ್ಡಾ ಅಂದ ಹಾಗೆ.) ಇದನ್ನು ಬಿಚ್ಚಿ, ಹಗುರ ಮಾಡಿ, ಕಾಲು ಸಿಕ್ಕಿಸುವ ಗೂಡುಗಳನ್ನು ಕೂರಿಸಿ, ನನ್ನ ಎತ್ತರಕ್ಕೆ ತಕ್ಕ ಹಿಡಿಕೆ ಹಾಕಿ, ಹೊಸದೇ ಒಂದು ಗಾಡಿ ಮಾಡಬೇಕು ಅನ್ನುವುದು ನನ್ನ ಹುಚ್ಚು.

ನಾನು ಓದಿದ್ದು ಬಿ.ಇ. ಮೆಕ್ಯಾನಿಕಲ್, ಮೈಸೂರಿನಲ್ಲಿ. ಆದರೆ ನಲವತ್ತು ದಾಟುವವರೆಗೆ ಒಂದು ಎಂಜಿನ್ನಿನ ಹೆಡ್ ಬಿಚ್ಚಿದವನಲ್ಲ. ಫಿಟ್ಟಿಂಗ್ ಲ್ಯಾಬಿನಲ್ಲಿ ಕಬ್ಬಿಣದ ತುಂಡು ಉಜ್ಜಿ ಜೋಡಿಸಬೇಕಿತ್ತಲ್ಲ, ಅದನ್ನೂ ಅಟೆಂಡರ್‌ಗೆ 50 ರೂಪಾಯಿ ಕೊಟ್ಟು ಮಾಡಿಸಿದ್ದೆ. ಅಪ್ಪನ ಹತ್ತಿರ ಯೆಜ್ಡಿ ಇತ್ತು, ನಮ್ಮೂರಲ್ಲೇ ಹುಟ್ಟಿದ ಬೈಕು. ಕೆಟ್ಟರೆ ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ ಮುಂದೆ ನಿಲ್ಲಿಸುವುದು, ಸ್ಟೂಲ್ ಮೇಲೆ ಕೂತು ಟೀ ಕುಡಿಯುವುದು. ಆತ ಏನು ಮಾಡುತ್ತಿದ್ದಾನೆ ಅಂತ ಬಗ್ಗಿ ನೋಡಿದರೆ ಅಪ್ಪನೇ ಬೈಯುತ್ತಿದ್ದರು: "ಶರ್ಟ್ ಕೊಳೆ ಆಗತ್ತೆ, ಈ ಕಡೆ ಬಾ."

ಇಲ್ಲಿಗೆ ಬಂದ ನಮ್ಮವರು ಒಂದು ಮಾತು ಹೇಳುತ್ತಾರೆ. ಅಮೆರಿಕನ್ನರು ಎಲ್ಲ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ದುಡಿಮೆಗೆ ಅವರಲ್ಲಿ ಬೆಲೆ ಇದೆ, ನಾವು ಸೋಮಾರಿಗಳು. ನನಗೆ ಇದು ಅರ್ಧ ಮಾತ್ರ ನಿಜ ಅನಿಸುತ್ತದೆ. ಮೊದಲು ನಾನೂ ಈ ಗಾಡಿಯನ್ನು ರಿಪೇರಿ ಅಂಗಡಿಗೇ ಒಯ್ದೆ. ಗಂಟೆಗೆ 140 ಡಾಲರ್ ಅಂದರು. ಅದರ ಮೇಲೆ, ಇಷ್ಟು ಹಳೇ ಗಾಡಿ ನಾವು ಮುಟ್ಟಲ್ಲ ಅಂದರು. ಆವತ್ತು ಸಂಜೆಯೇ ನಾನೂ ಸ್ವಾವಲಂಬಿಯಾದೆ! ಮೈಸೂರಿನ ಮೆಕ್ಯಾನಿಕ್ ಗಂಟೆಗೆ ಅಷ್ಟು ಕೇಳಿದ್ದರೆ ಅಪ್ಪನೂ ಸ್ಪ್ಯಾನರ್ ಹಿಡಿಯುತ್ತಿದ್ದರು, ಅನುಮಾನ ಬೇಡ.

ಉಳಿದರ್ಧವನ್ನೂ ಒಪ್ಪಲೇಬೇಕು. ಈ ನಿಂತು ಓಡಿಸುವ ಗಾಡಿ ಹುಟ್ಟಿದ್ದೇ ಒಬ್ಬನ ಹಟದಿಂದ. ಕ್ಲೇಟನ್ ಜೇಕಬ್ಸನ್ ಅನ್ನುವ ಮೋಟೋಕ್ರಾಸ್ (ಮಣ್ಣಿನ ಹಾದಿಯ ಬೈಕ್ ರೇಸ್) ಸವಾರ 1965ರಲ್ಲಿ ಅಲ್ಯೂಮಿನಿಯಂ ತಗಡಿನಲ್ಲಿ ಮೊದಲನೆಯದನ್ನು ಮಾಡಿದ. ಕವಾಸಾಕಿ ಅದನ್ನು ಮಾರುಕಟ್ಟೆಗೆ ತಂದದ್ದು 1973ರಲ್ಲಿ. ಗ್ಯಾರೇಜಿನಲ್ಲಿ ಏನೋ ಕುಟ್ಟುತ್ತಿರುವವನನ್ನು ಈ ದೇಶ ಕೀಳಾಗಿ ಕಾಣುವುದಿಲ್ಲ. ಕಾರ್ಖಾನೆಯಿಂದ ನಿವೃತ್ತನಾದ ನನ್ನ ಪಕ್ಕದ ಮನೆಯವನು ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚು ಕೊಟ್ಟ, ಎಂಜಿನ್ ಎತ್ತುವ ಕ್ರೇನ್ ಕೊಟ್ಟ. ಕೈ ಮಾತ್ರ ಹಾಕಲಿಲ್ಲ. ನಿನ್ನ ಗಾಡಿ, ನೀನೇ ಮಾಡಬೇಕು. ಅದು ಅವನ ಮರ್ಯಾದೆ. ಮೈಸೂರಿನ ನಮ್ಮ ಬೀದಿಯಲ್ಲಿ ಸ್ಕೂಟರ್ ಬಿಚ್ಚಿಟ್ಟರೆ ಐದು ಜನ ಸೇರುತ್ತಾರೆ. ಒಬ್ಬ ಟಾರ್ಚ್ ಹಿಡಿಯುತ್ತಾನೆ, ಒಬ್ಬ ಪ್ಲಗ್ಗು ಅನ್ನುತ್ತಾನೆ, ಒಬ್ಬ ಗಾಡಿ ತಗೊಂಡಿದ್ದೇ ತಪ್ಪು ಅನ್ನುತ್ತಾನೆ. ಆ ಗಲಾಟೆ ನನಗೆ ಆ ಚಳಿಗಾಲದಲ್ಲಿ ತುಂಬ ನೆನಪಾಯಿತು.

ಪಕ್ಕದವನು ಒಂದೇ ಒಂದು ಸಲ ಓಡಿ ಬಂದು ಕೈ ಹಿಡಿದ. ಹಿಂಬದಿಯ ಬಲಗಡೆ ಹಳೇ ಬಣ್ಣ ಉಜ್ಜುತ್ತಿದ್ದೆ. ಅಲ್ಲಿ 12 ಅಕ್ಷರ-ಅಂಕಿಗಳ ನಂಬರ್ ಇತ್ತು, ನಮ್ಮ ಕಾರಿನ ಚಾಸಿಸ್ ನಂಬರ್ ಇದ್ದ ಹಾಗೆ. ಅದು ಅಳಿಸಿದರೆ ರಿಜಿಸ್ಟ್ರೇಷನ್ ಕಥೆ ಮುಗಿಯಿತು. ಇನ್ನೆರಡು ನಿಮಿಷ ತಡವಾಗಿದ್ದರೆ ಆರು ತಿಂಗಳ ಕೆಲಸ ಕಳ್ಳಮಾಲಿನಂತೆ ಕಾಣುತ್ತಿತ್ತು.

ತೇಲಲೆಂದು ಒಳಗೆ ತುಂಬಿದ್ದ ಫೋಮ್ ಕೀಳುವುದಕ್ಕೇ ಮೂರು ವಾರ ಹಿಡಿಯಿತು. ಇಪ್ಪತ್ತೈದು ವರ್ಷದಲ್ಲಿ ಅದು ನೀರು ಕುಡಿದು ನೆನೆದ ರಸ್ಕಿನ ಹಾಗಾಗಿತ್ತು. ಹಳೇ ಉಳಿಯಲ್ಲಿ ಕೆತ್ತಿ ಕೆತ್ತಿ ಬಕೆಟ್ಟಿಗೆ ಹಾಕಿ ಬಾತ್‌ರೂಮ್ ತಕ್ಕಡಿಯಲ್ಲಿ ತೂಗಿದೆ: 9 ಕೆಜಿ. ಪೆಟ್ರೋಲ್ ಹಾಕದೆ ಸುಮಾರು 130 ಕೆಜಿ ಇರಬೇಕಾದ ಗಾಡಿಗೆ ಇದು ಸಣ್ಣ ಮಾತಲ್ಲ. ತೆಗೆದ ಮೇಲೆ ಬೇರೇನಾದರೂ ತುಂಬಲೇಬೇಕು, ಇಲ್ಲದಿದ್ದರೆ ನೀರು ಹೊಕ್ಕ ದಿನ ಕೆರೆಯ ತಳ ಸೇರುತ್ತದೆ. ಮಕ್ಕಳು ಈಜುಕೊಳದಲ್ಲಿ ಹಿಡಿದುಕೊಳ್ಳುವ ಉದ್ದನೆಯ ಫೋಮ್ ಕೋಲುಗಳನ್ನು ತುರುಕಿದೆ. ಹಸಿರು, ಗುಲಾಬಿ. ಮಗಳಿಗೆ ಇಡೀ ಗಾಡಿಯಲ್ಲಿ ಹಿಡಿಸಿದ್ದು ಅದೊಂದೇ.

ಆಮೇಲೆ ಫೈಬರ್ ಕೆಲಸ. ಇಲ್ಲೇ ನಾನು ಸೋತದ್ದು. ಜನವರಿಯ ಗ್ಯಾರೇಜು, 8 ಡಿಗ್ರಿ. ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಕಲಸಿ, ಗಾಜಿನೆಳೆಯ ಬಟ್ಟೆ ಹಾಸಿ ಬೆಳಿಗ್ಗೆ ಬಂದು ಮುಟ್ಟಿದರೆ ಜೋನಿ ಬೆಲ್ಲದ ಹಾಗೆ ಕೈಗಂಟಿತು. ಎರಡು ದಿನ ಬಿಟ್ಟರೂ ಹಾಗೇ. ಎಲ್ಲ ಕೆರೆದು ತೆಗೆದೆ. ಮುಂದಿನ ಸಲ ಹೀಟರ್ ಇಟ್ಟು, ಜಾಸ್ತಿ ಎಪಾಕ್ಸಿಯನ್ನು ಒಂದೇ ಮಗ್ಗಿನಲ್ಲಿ ಕಲಸಿ ಫೋನ್ ಬಂತೂಂತ ಆಚೆ ಹೋದೆ. ವಾಪಸ್ ಬಂದಾಗ ಮಗ್ಗು ಹೊಗೆಯಾಡುತ್ತಿತ್ತು. ಆಳವಾದ ಪಾತ್ರೆಯಲ್ಲಿ ಅದು ತನ್ನ ಕಾವಿಗೆ ತಾನೇ ಬೇಯುತ್ತದೆ, ಅಗಲದ ತಟ್ಟೆಗೆ ಸುರಿದಿಡಬೇಕು. ಇದು ಡಬ್ಬದ ಮೇಲೆ ಬರೆದಿತ್ತು. ಓದಿಯೂ ಇದ್ದೆ.

ಹೆಂಡತಿಯ ಊರು ಉಡುಪಿ. ಅವಳ ತಮ್ಮ ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವ ಒಬ್ಬ ಮೇಸ್ತ್ರಿಯನ್ನು ವಿಡಿಯೋ ಕಾಲ್‌ನಲ್ಲಿ ಹಿಡಿದುಕೊಟ್ಟ. ನಮಗೆ ರಾತ್ರಿ ಒಂಬತ್ತು, ಅವರಿಗೆ ಬೆಳಿಗ್ಗೆ ಏಳೂವರೆ. ಮೊದಲ ಪ್ರಶ್ನೆ: "ಕೋಬಾಲ್ಟ್ ಎಷ್ಟು ಹಾಕಿದ್ದು?" ಅವರದ್ದು ಪಾಲಿಯೆಸ್ಟರ್ ರೆಸಿನ್ ಅನ್ನುವ ಇನ್ನೊಂದು ಬಗೆಯ ಅಂಟು, ಅದು ಗಟ್ಟಿಯಾಗಲು ಕೋಬಾಲ್ಟ್, ಆಮೇಲೆ ಕ್ಯಾಟಲಿಸ್ಟ್. ನನ್ನದು ಬೇರೆ ಜಾತಿ ಅಂದಾಗ "ಅದೂ ಚಳಿಗೆ ಗಟ್ಟಿಯಾಗುವುದಿಲ್ಲ ಮಾರಾಯ್ರೆ, ಬಿಸಿಲಿಗೆ ಇಡಿ" ಅಂದರು. ಮಿಷಿಗನ್ನಿನ ಜನವರಿಯಲ್ಲಿ ಬಿಸಿಲು!

ಆಮೇಲೆ ಅವರು ಹೇಳಿದ ಕೆಲಸವನ್ನು ನಾನು ಮರೆಯಲಾರೆ. "ಒಂದು ನಾಣ್ಯ ತಗೊಳ್ಳಿ ಸಾರ್. ಮೂತಿಯಿಂದ ಹಿಂದಕ್ಕೆ ಕುಟ್ಟುತ್ತಾ ಬನ್ನಿ. ಫೋನ್ ಹತ್ತಿರ ಹಿಡೀರಿ." ಕುಟ್ಟುತ್ತಾ ಹೋದೆ. ಟಕ್, ಟಕ್, ಟಕ್. ನನಗೆ ಎಲ್ಲ ಒಂದೇ. "ನಿಲ್ಲಿ. ಅಲ್ಲಿ ಪೊಳ್ಳು ಉಂಟು." ಅದೇ ಜಾಗಕ್ಕೆ ಮತ್ತೆ ಕುಟ್ಟಿದೆ. ಈ ಸಲ ನನಗೂ ಕೇಳಿತು: ಟಕ್ ಅಲ್ಲ, ಡಪ್. ಬಲಿತ ತೆಂಗಿನಕಾಯಿಗೂ ಕೆಟ್ಟದ್ದಕ್ಕೂ ಇರುವ ಫರಕು. ಕೊರೆದು ನೋಡಿದರೆ ಪದರ ಬಿಟ್ಟುಕೊಂಡು ಒಳಗೆ ನೀರು. ಸಾವಿರಾರು ಮೈಲಿ ಆಚೆಯಿಂದ, ಫೋನಿನ ಸ್ಪೀಕರ್‌ನಲ್ಲಿ, ಹಿನ್ನೆಲೆಯಲ್ಲಿ ಕಾಗೆ ಕೂಗುತ್ತಿರುವಾಗ ಆ ಮನುಷ್ಯ ಕಂಡುಹಿಡಿದದ್ದು ಇದನ್ನು.

ನಮ್ಮ ತಕರಾರು ಇರಬೇಕಾದ್ದು ಇಲ್ಲಿ ಅಂತ ನನಗನಿಸುತ್ತದೆ. ಕೆಲಸ ಬಲ್ಲವರು ನಮ್ಮೂರಲ್ಲಿ ಬೀದಿಗೊಬ್ಬರಿದ್ದಾರೆ. ಅವರ ಪಕ್ಕ ಸ್ಟೂಲ್ ಹಾಕಿ ಕೂತು, ನೋಡದೆ, ಕೇಳದೆ ಎದ್ದು ಬಂದವರು ನಾವು. ಇಲ್ಲಿನವರಿಗೆ ಅಂಥವರು ಕೈಗೆಟುಕುವುದಿಲ್ಲ. ಅದಕ್ಕೇ ಪ್ರತಿ ಬೋಲ್ಟಿನ ಫೋಟೋ ತೆಗೆದು, ಗ್ರಾಂ ಲೆಕ್ಕದಲ್ಲಿ ತೂಗಿ, ತಪ್ಪಿ, ಬರೆದಿಡುತ್ತಾರೆ. ಮಲ್ಪೆಯ ಮೇಸ್ತ್ರಿ ಏನನ್ನೂ ಬರೆದಿಟ್ಟಿಲ್ಲ. ಮಗ ದುಬೈಯಲ್ಲಿದ್ದಾನೆ.

ಇನ್ನೊಂದು ನನಗೆ ನುಂಗಲಾಗದ್ದು. ವಿಡಿಯೋದಲ್ಲಿ ಅವರ ಕೈ ಕಾಣುತ್ತಿತ್ತು, ಗ್ಲೌಸ್ ಇಲ್ಲ. ಮೂಗಿಗೆ ಒಂದು ಟವೆಲ್. ನಾನು ಹವ್ಯಾಸಕ್ಕೆ ಮಾಡುವವನು, ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಂಡು ಅಂತರಿಕ್ಷ ಯಾತ್ರಿಯ ಹಾಗೆ ಕೂತಿದ್ದೆ. ಗಾಜಿನ ಪುಡಿಯನ್ನು, ರೆಸಿನ್ ವಾಸನೆಯನ್ನು ದಿನವಿಡೀ ಕುಡಿಯುವವರು ಅವರು. ಊರಿಗೆ ಹೋಗುವವರ ಕೈಲಿ ಎರಡು ಮಾಸ್ಕ್ ಕಳಿಸಿದೆ. "ಸೆಕೆಗೆ ಆಗುವುದಿಲ್ಲ ಸಾರ್" ಅಂದರು. ಈ ವಿಷಯದಲ್ಲಿ ಇಲ್ಲಿನ ರೀತಿಯೇ ಸರಿ.

ಎಂಜಿನ್ ಅಷ್ಟು ಕಾಡಲಿಲ್ಲ. 701 ಸಿಸಿ ಟು-ಸ್ಟ್ರೋಕ್. 50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್, ಯೆಜ್ಡಿಯ ವಾಸನೆ. ಇದು ಗಲೀಜು ಎಂಜಿನ್ ಅನ್ನುವುದೂ ಗೊತ್ತು. ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ಲೇಕ್ ಟಾಹೋ ಸರೋವರದಲ್ಲಿ 1999ರಿಂದಲೇ ಕಾರ್ಬ್ಯುರೇಟರ್ ಟು-ಸ್ಟ್ರೋಕ್ ಇಳಿಸುವ ಹಾಗಿಲ್ಲ. ನಮ್ಮ ಕೆರೆಯಲ್ಲಿ ಬಿಡುತ್ತಾರೆ, ಹಾಗಾಗಿ ಸುಮ್ನಿದ್ದೇನೆ. ಎಂಜಿನ್ನನ್ನೂ ಪಂಪಿನ ಶಾಫ್ಟನ್ನೂ ಒಂದೇ ಗೆರೆಗೆ ತರುವುದಕ್ಕೆ ಮಾತ್ರ ಎರಡು ಭಾನುವಾರ ಹೋಯಿತು.

ಜೂನ್ ಮೊದಲ ವಾರ ನೀರಿಗಿಳಿಸಿದೆ. ಹದಿನಾಲ್ಕು ಸಲ ಬಿದ್ದೆ. ಹದಿನೈದನೇ ಸಲ ಎರಡೂ ಕಾಲು ತಟ್ಟೆ ಮೇಲಿತ್ತು, ಆರೇಳು ಸೆಕೆಂಡ್. ದಡದಲ್ಲಿ ನಿಂತವರೆಲ್ಲ "ಆಸಮ್" ಅಂದರು. ಪಕ್ಕದ ಮನೆಯವನು ಬೆನ್ನು ತಟ್ಟಿದ. ಆಫೀಸಿನವರಿಗೆ ಫೋಟೋ ತೋರಿಸಿದೆ, ಅವರೂ ಆಸಮ್.

ಆವತ್ತು ರಾತ್ರಿ ಮೇಸ್ತ್ರಿಗೆ ವಿಡಿಯೋ ಕಳಿಸಿದೆ. ಬೆಳಿಗ್ಗೆ ಎದ್ದಾಗ ಒಂದು ವಾಯ್ಸ್ ಮೆಸೇಜ್ ಬಂದಿತ್ತು: "ಒಳ್ಳೇದಾಗಿದೆ ಸಾರ್. ಆದ್ರೆ ಬಲಗಾಲಿನ ಗೂಡು ಅರ್ಧ ಇಂಚು ಕೆಳಗೆ ಕೂತಿದೆಯಲ್ಲ, ಅದನ್ನು ಯಾರೂ ಹೇಳಲಿಲ್ವಾ?"

ಟೇಪು ತಗೊಂಡು ಗ್ಯಾರೇಜಿಗೆ ಹೋದೆ. ಅರ್ಧ ಇಂಚಿಗಿಂತ ಒಂದು ಕೂದಲು ಜಾಸ್ತಿಯೇ ಇತ್ತು.